ಗಾದ್ರಪ್ಪ ಅನ್ನದೇ ಉಳಿಸಿದ ಹೂಂ

ಮೊಳಕಾಲ್ಮೂರಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಮಗ್ಗದ ಗುಂಡಿಗಳಲ್ಲಿ ನೀರು ಜಿನುಗಿ ಕೆಲಸ ನಿಂತಿತ್ತು, ಕರೆಂಟೂ ಹೋಗಿತ್ತು. ಕೇರಿಯ ನಾಲ್ಕಾರು ಮಂದಿ ಗೀತಮ್ಮನ ಪಡಸಾಲೆಯಲ್ಲಿ ಹುರಿದ ಶೇಂಗಾ ಸುಲಿಯುತ್ತ ಕೂತಿದ್ದರು. "ದೆವ್ವದ ಕತೆ ಒಂದು ಹೇಳಜ್ಜಾ" ಎಂದು ಗೀತಮ್ಮ ಕೆಣಕಿದ್ದೇ ತಡ, ಮುದಿ ನೇಕಾರ ಸೂರಪ್ಪಜ್ಜ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಗೋಡೆಗೆ ಒರಗಿದ.

"ದೆವ್ವ ಅಂದ್ರೆ ಹುಣಸೆ ಮರದಾಗೇ ಇರ್ಬೇಕು ಅಂದ್ಕಂಡೀರೇನು? ಇದು ಕಂಪ್ಯೂಟರಿನಾಗೆ ಬಂದಿದ್ದು. ನಗಬ್ಯಾಡ್ರಿ! ನಮ್ಮ ಗಾದ್ರಪ್ಪನ ಹೆಂಡ್ತಿ ಲಕ್ಷ್ಮಕ್ಕ ಇದ್ಲಲ್ಲ, ಕತೆ ಹೇಳೋದ್ರಾಗೆ ಅವಳನ್ನ ಮೀರಿಸೋರು ಈ ಸೀಮೆನಾಗೆ ಹುಟ್ಟಿಲ್ಲ ಬಿಡ್ರಿ. ಅವನು ಮಗ್ಗಕ್ಕೆ ಕುಂತ್ರೆ ಇವಳು ಪಕ್ಕದಾಗೆ ರೇಷ್ಮೆ ಸುತ್ತುತಾ ಕತೆ ಹೇಳೋಳು. ಕತೆಗೆ ಹೂಂಗುಟ್ಟೋರು ಬ್ಯಾಡವಾ? 'ಏನ್ರೀ, ಹೂಂ ಅನ್ರಿ' ಅನ್ನೋಳು. ಆ ಮಾರಾಯ ಸೀರೆ ಮ್ಯಾಲಿನ ಬುಟ್ಟಾ ಹೂವಿನ ಎಳೆ ಎಣಿಸೋನು, ಬಾಯಿ ಬಿಟ್ರೆ ಎಣಿಕೆ ತಪ್ತೈತೆ ಅಂತ ಇಪ್ಪತ್ತು ವರ್ಷದಾಗೆ ಒಂದು ಹೂಂ ಅನ್ಲಿಲ್ಲ!

ಎರಡು ಸಾವಿರದ ಮೂರನೇ ಇಸ್ವಿ ಇರ್ಬೇಕು... ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಕಲಿಸೋ ಮಾರುತಿ ಅಂತ ಒಬ್ನಿದ್ದ. ಅವನಿಗೆ ಅದೇನು ಹುಚ್ಚೋ, ಲಕ್ಷ್ಮಕ್ಕನ್ನ ಕರೆಸಿ ಅವಳ ಕತೆನ ತುಂಡು ತುಂಡಾಗಿ ಕಂಪ್ಯೂಟರಿಗೆ ತುಂಬ್ಕಂಡ. ಮೈಕಿನಾಗೆ ನೀವು ಹೂಂ ಅಂದ್ರೆ ಮುಂದಿಂದು ಹೇಳ್ತೈತೆ, ಅನ್ನದಿದ್ರೆ ಮುನಿಸ್ಕಂಡು ನಿಂತ್ಬಿಡ್ತೈತೆ. ಒಂದೊಂದು ಕಡೆ 'ಹೋಗ್ಲಾ, ವಾಪಸ್ ಬರ್ಲಾ?' ಅಂತ ನಿಮ್ಮನ್ನೇ ಕೇಳ್ತೈತೆ. ಅದಕ್ಕೊಂದು ಗುಂಡಿ, ಇದಕ್ಕೊಂದು ಗುಂಡಿ. ನೀವು ಯಾವುದು ಒತ್ತುತೀರೋ ಕತೆ ಆ ದಾರಿ ಹಿಡೀತೈತೆ. ಪೂರ್ತಿ ತುಂಬೋಕೆ ಮುಂಚೆ ಲಕ್ಷ್ಮಕ್ಕ ಜ್ವರ ಬಂದು ಹೋಗ್ಬಿಟ್ಲು, ಪಾಪ.

ಆಮ್ಯಾಲೆ ಶುರುವಾತು ನೋಡ್ರಿ ಗಾದ್ರಪ್ಪಂದು. ಪ್ರತಿ ಸೋಮವಾರ ಬಸ್ ಹತ್ತಿ ಚಳ್ಳಕೆರೆಗೆ ಹೋಗೋನು, ಅವಳ ದನಿ ಕೇಳ್ತಾ ಕೂಸಿನಂಗೆ ಅಳೋನು, ಅಳ್ತಾ ಅಳ್ತಾನೇ ಹೂಂ... ಹೂಂ... ಅನ್ನೋನು. ಸತ್ತ ಮ್ಯಾಲೆ ಹೂಂ ಅಂದ್ರೆ ಏನ್ ಬಂತು ಹೇಳ್ರಿ? ಕತೆನಾಗಿನ ಹುಡುಗಿ ಗಂಡನ ಮ್ಯಾಲೆ ಬೇಜಾರಾಗಿ ಹೊಳೆ ದಂಡೆಗೆ ಬಂದು 'ಹೋಗ್ಲಾ, ವಾಪಸ್ ಬರ್ಲಾ?' ಅನ್ನೋಳು. ಅಲ್ಲಿಂದಾಚೆ ಏನೂ ತುಂಬಿರ್ಲಿಲ್ಲ, ಯಾವ ಗುಂಡಿ ಒತ್ತಿದ್ರೂ ಮೂಕ. ಗೊತ್ತಿದ್ರೂ ಇವನು ವಾಪಸ್ ಬಾ ಅನ್ನೋ ಗುಂಡಿನೇ ಒತ್ತೋನು, ಒತ್ತಿ ಕಾಯೋನು.

ಒಂದಿನ ಒತ್ತಿದ... 'ಬಂದೆ ಕಣ್ರಿ. ಮನೆಗೆ ನಡೀರಿ, ಉಳಿದಿದ್ದು ಅಲ್ಲೇ ಹೇಳ್ತೀನಿ' ಅಂದ್ಲು! ಮಾರುತಿ ಎಲ್ಲಾ ತಡಕಾಡಿದ, ಆ ಮಾತು ಕಂಪ್ಯೂಟರಿನಾಗೆ ಎಲ್ಲೂ ಇಲ್ಲ. ಆವತ್ತು ಗಾದ್ರಪ್ಪ ವಾಪಸ್ ಬರೋವಾಗ ಎರಡು ಟಿಕೆಟ್ ತಗಂಡ್ನಂತೆ."

"ಸಾಕು, ಬುರುಡೆ ಬಿಡ್ಬ್ಯಾಡಜ್ಜಾ" ಎಂದ ಗೀತಮ್ಮನ ದನಿ ಅಷ್ಟೇನೂ ಗಟ್ಟಿಯಿರಲಿಲ್ಲ.

"ಬುರುಡೆ ಬಿಡೋ ವಯಸ್ಸೇನವ್ವ ನಂದು? ಆವತ್ತಿಂದ ಅವನು ಮಗ್ಗ ಮುಟ್ಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಬಾಗ್ಲು ಹಾಕ್ಕಂಡು ಹೂಂಗುಟ್ತಾ ಕುಂತ್ಕಳೋನು. ಅವನೂ ಹೋಗಿ ಎರಡು ವರ್ಷ ಆತು, ಮನೆಗೆ ಬೀಗ ಬಿದ್ದೈತೆ... ಹೂಂ ಮಾತ್ರ ನಿಂತಿಲ್ಲ. ಮೊನ್ನೆ ಸಂಜೆ ನಾನೇ ಕಿಟಕಿ ಹತ್ರ ಹೋಗಿ ನಿಂತೆ. ಅಬ್ಬಾ, ಏನ್ ಚೆಂದ ಹೇಳ್ತಿದ್ಲು ಅಂತೀರಿ! ಕೇಳ್ತಾ ಕೇಳ್ತಾ ಮೈಮರ್ತು ನಾನೂ ಹೂಂ ಅಂದ್ಬಿಟ್ಟೆ.

ಒಳಗಿದ್ದ ಇಬ್ರೂ ತಟ್ಟಂತ ಸುಮ್ಮನಾದ್ರು."