ವೋಲ್ಗಾ ದಂಡೆಯ ಕಾಮಣ್ಣ

ಈ ಯುಗಾದಿ ಸಮಾರಂಭದ ಅಧ್ಯಕ್ಷರಾದ ಬಸಲಿಂಗಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ಹೋಳಿಗೆಯ ವಾಸನೆಗೆ ಮೂಗು ಅರಳಿಸಿಕೊಂಡು ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ಬಾಗಲಕೋಟೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಬಾಳಪ್ಪನನ್ನು ಜರ್ಮನಿಯ ಗಾರ್ಕಿಂಗ್‌ನ ಈ ಸಭಾಂಗಣಕ್ಕೆ ಕರೆಸಿ, ಶಾಲು ಹೊದಿಸಿ, ‘ಪರದೇಶದಲ್ಲಿ ನಮ್ಮ ಸಂಸ್ಕೃತಿ’ ಎಂಬ ವಿಷಯ ಕೊಟ್ಟಿದ್ದೀರಿ. ಸಂಸ್ಕೃತಿಯ ಬಗ್ಗೆ ಪೊಲೀಸರನ್ನು ಕೇಳುವವರುಂಟೇ? ಆದರೂ ಕೇಳಿದ್ದೀರಿ. ನನಗೆ ಹೆಮ್ಮೆಯಾಗಿದೆ.

ನನ್ನ ಮಗ ಪ್ರವೀಣಕುಮಾರ ಈ ದೇಶದವರು ಕೊಡುವ ಗ್ರೀನ್ ಕಾರ್ಡ್ ಮೇಲೆ ರೇಗನ್ಸ್‌ಬರ್ಗಿಗೆ ಬಂದ ಇಂಜಿನಿಯರು. ಕಳೆದ ತಿಂಗಳು ಕಂಪನಿಯವರು ಅವನನ್ನು ರಷ್ಯಾದ ಯಾರೊಸ್ಲಾವ್ಲ್ ಊರಿಗೆ ಕಳಿಸಿದರು. ಸೊಸೆ ಜಯಾ, ಮೊಮ್ಮಗಳು ಪವಿ, ನಾನು, ಎಲ್ಲರೂ ಬೆನ್ನು ಹತ್ತಿದೆವು. ಎಂಥ ಊರು ಅದು! ಹತ್ತಿರ ಹತ್ತಿರ ಸಾವಿರ ವರ್ಷದ ಊರು. ಚರ್ಚುಗಳ ನೆತ್ತಿಯ ಮೇಲೆ ಉಳ್ಳಾಗಡ್ಡಿಯಂಥ ಗೋಪುರ, ಒಳಗೆ ಗೋಡೆ ತುಂಬ ಚಿತ್ರ. ವೋಲ್ಗಾ ನದಿ ಚಳಿಗೆ ಹೆಪ್ಪುಗಟ್ಟಿ, ಜನ ಅದರ ಮೇಲೆ ಕುಳಿತು ಮೀನು ಹಿಡಿಯುತ್ತಿದ್ದರು. ನಮ್ಮ ಘಟಪ್ರಭೆ ಹಾಗೆ ನಿಂತಿದ್ದರೆ ಹೋಮ ಮಾಡಿಸುತ್ತಿದ್ದೆವು.

ನಾವು ಹೋದದ್ದು ಮಾಸ್ಲೆನಿತ್ಸಾ ಹಬ್ಬದ ವಾರ. ಚಳಿಗಾಲವನ್ನು ಕಳಿಸಿಕೊಡುವ ಹಬ್ಬವದು. ವಾರವಿಡೀ ನಮ್ಮ ದೋಸೆಯಂಥದ್ದಕ್ಕೆ ಬೆಣ್ಣೆ ಹಚ್ಚಿ ತಿನ್ನುತ್ತಾರೆ, ಕೊನೆಯ ದಿನ ಹುಲ್ಲಿನ ಬೊಂಬೆ ಸುಡುತ್ತಾರೆ. ಬೊಂಬೆಗೆ ಲಂಗ ಉಡಿಸಿದ್ದರು. ಇರಲಿ, ನನಗೆ ಕಂಡದ್ದು ಹೋಳಿಯಲ್ಲಿ ಸುಡುವ ನಮ್ಮ ಕಾಮಣ್ಣನೇ. ಬಾಗಲಕೋಟೆಯವರಿಗೆ ಕಾಮಣ್ಣನೆಂದರೇನು? ಕದ್ದ ಕಟ್ಟಿಗೆ! ಕೊಂಡು ತಂದ ಕಟ್ಟಿಗೆಗೆ ಅಲ್ಲಿ ಮರ್ಯಾದೆಯಿಲ್ಲ. ಆ ದಿನಗಳಲ್ಲಿ ಠಾಣೆಯ ಬೆಂಚುಗಳನ್ನು ನಾವೇ ಕಾಯಬೇಕಾಗುತ್ತಿತ್ತು.

ಇಲ್ಲೊಂದು ಮಾತು. ಪವಿ ಈ ದೇಶಕ್ಕೆ ಬಂದಾಗ ಇನ್ನೂ ತೊದಲುತ್ತಿದ್ದಳು. ಈಗ ಏಳು ವರ್ಷ, ಏನು ಕೇಳಿದರೂ ಜರ್ಮನ್. ನಾನು ಬಂದಾಗಿನಿಂದ ಒಮ್ಮೆಯೂ ‘ಮುತ್ಯಾ’ ಎಂದು ಕರೆದಿರಲಿಲ್ಲ. ದಿನಾ ಸಂಜೆ ಕಾಮಣ್ಣನ ಕಳವಿನ ಕಥೆ ಹೇಳುತ್ತಿದ್ದೆ, ಅವಳು ಪುಸ್ತಕದಲ್ಲಿ ಮುಖ ಹುದುಗಿಸಿ ಕೂರುತ್ತಿದ್ದಳು. ಹೀಗೇ ಊರಿಗೆ ಹಿಂದಿರುಗುತ್ತೇನಲ್ಲಾ ಎಂದು ಸಂಕಟವಾಗುತ್ತಿತ್ತು. ಸನ್ಮಾನದ ದಿನ ಇದನ್ನು ಹೇಳಬಾರದು, ಹೇಳಿಬಿಟ್ಟೆ.

ನಾವು ಇಳಿದುಕೊಂಡಿದ್ದು ವೇರಾ ಎಂಬ ಅಜ್ಜಿಯ ಮನೆಯಲ್ಲಿ. ಹಬ್ಬದ ದಿನ ಅವರ ಹಿತ್ತಲಿನ ಹಿಮದಲ್ಲಿ ಕಾಲು ಮುರಿದ ಸ್ಟೂಲೊಂದು ಕಂಡಿತು. ನಾನು ಪವಿಯನ್ನು ನೋಡಿದೆ. ಪವಿ ನನ್ನನ್ನು ನೋಡಿದಳು. ಸ್ಟೂಲು ನನ್ನ ಕೋಟಿನೊಳಗೆ ಹೋಯಿತು. ಅವಳು ಮುಂದೆ ಮುಂದೆ ನಡೆದು, ತಿರುವಿನಲ್ಲಿ ಇಣುಕಿ, ಕೈ ಬೀಸಿ ಕರೆದಳು. ಅಂಥ ಕಾವಲು ನಮ್ಮ ಇಲಾಖೆಯಲ್ಲೂ ಕಂಡಿಲ್ಲ!

ಮೈದಾನದಲ್ಲಿ ಕಟ್ಟಿಗೆಯ ರಾಶಿಗೆ ಸ್ಟೂಲು ಸೇರಿಸಿದೆನೋ ಇಲ್ಲವೋ, ಹಿಂದಿನಿಂದ ವೇರಾ ಅಜ್ಜಿ ತಮ್ಮ ಸ್ಟೂಲಿನ ಗುರುತು ಹಿಡಿದು ಕೂಗಿಕೊಂಡರು. ಪ್ರವೀಣನ ಮುಖ ಬಿಳಿಚಿಕೊಂಡಿತು.

“ಅಪ್ಪಾ, ಇದನ್ನ ಯಾರ್ ತಂದ್ರು? ಪೊಲೀಸ್ರು ಬಂದ್ರ ನನ್ನ ಗ್ರೀನ್ ಕಾರ್ಡಿನ ಗತಿ ಏನು?” ಎಂದ.

ಆಗ ಪವಿ ನನ್ನ ಮುಂದೆ ಬಂದು ನಿಂತಳು. “ಮುತ್ಯಾ ಅಲ್ಲ. ನಾ ಕದ್ದೆ” ಎಂದಳು.

ಸಭಿಕರೇ, ಕನ್ನಡದಲ್ಲಿ ಎಂದಳು! ಜರ್ಮನ್‌ನಲ್ಲಿ ಹೇಳಿದ್ದರೂ ಅವಳಪ್ಪನಿಗೆ ತಿಳಿಯುತ್ತಿತ್ತು. ನನಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದಳು. ಸಂಜೆಯ ಕಥೆಗಳನ್ನೆಲ್ಲ ಕೂಸು ಕೇಳಿಸಿಕೊಂಡೇ ಇತ್ತು! ನೌಕರಿಯಲ್ಲಿ ಎಷ್ಟೋ ಸುಳ್ಳು ಹೇಳಿಕೆ ಕೇಳಿದ್ದೇನೆ, ಇಷ್ಟು ಸಂತೋಷ ಕೊಟ್ಟ ಸುಳ್ಳು ಇನ್ನೊಂದಿಲ್ಲ. ಕಣ್ಣೀರು ಬಂತು. ಹೊಗೆ ಎಂದೆ. ಬೆಂಕಿ ಇನ್ನೂ ಹಚ್ಚಿರಲಿಲ್ಲ.

ವೇರಾ ಅಜ್ಜಿಗೆ ಸ್ವಲ್ಪ ಜರ್ಮನ್ ಬರುತ್ತಿತ್ತು. ಜಯಾ ನಮ್ಮ ಪದ್ಧತಿ ವಿವರಿಸಿದಳು. ಹಬ್ಬದಲ್ಲಿ ಹಳೆಯದನ್ನು ಸುಡುವುದು ಅವರಲ್ಲೂ ಉಂಟಂತೆ. ಅಜ್ಜಿ ನಕ್ಕು, ಸ್ಟೂಲನ್ನು ರಾಶಿಯಿಂದ ತೆಗೆದಿಟ್ಟು, ಬೆಂಕಿ ಹೊತ್ತಿದ ಮೇಲೆ ಪವಿಯ ಕೈಯಿಂದಲೇ ಹಾಕಿಸಿದರು. ಬೊಂಬೆ ಉರಿಯುವಾಗ ಮುತ್ಯಾ ಮೊಮ್ಮಗಳು ಇಬ್ಬರೂ ನಮ್ಮ ಹೋಳಿಯ ಪದ್ಧತಿಯಂತೆ ಲಬೋ ಲಬೋ ಎಂದು ಬಾಯಿ ಬಡಿದುಕೊಂಡೆವು. ಸುತ್ತಲಿದ್ದ ರಷ್ಯನ್ ಮಕ್ಕಳೂ ಕಲಿತವು. ಸಂಸ್ಕೃತಿಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಗುರುವಾರ ನನ್ನ ವಿಮಾನ. ಆದರೆ ನಿನ್ನೆಯಿಂದ ನನ್ನ ಪಾಸ್‌ಪೋರ್ಟ್ ಕಾಣುತ್ತಿಲ್ಲ. ಪ್ರವೀಣ ಮನೆಯೆಲ್ಲ ತಡಕಾಡುತ್ತಿದ್ದಾನೆ. ಕಳ್ಳರು ಯಾರೆಂದು ಹಳೆಯ ಪೊಲೀಸನಿಗೆ ಗೊತ್ತಾಗದೆ ಇರುತ್ತದೆಯೇ? ಇದೇ ಸಭೆಯಲ್ಲಿ, ಮೊದಲನೆಯ ಸಾಲಿನಲ್ಲಿ, ಕಾಲು ಆಡಿಸುತ್ತ ಕೂತಿದ್ದಾರೆ. ಯಾರೇ ಬಂದು ಕೇಳಲಿ, ಪವಿ ಅಲ್ಲ, ನಾನೇ ಕದ್ದೆ ಎನ್ನುತ್ತೇನೆ.

ಮುದುಕನ ಮಾತನ್ನು ಊಟಕ್ಕೆ ಮೊದಲು ಸಹಿಸಿಕೊಂಡಿರಿ, ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.