ಟೀ ಪೀರಿಯಡ್ಡು ಬೇಕೇ, ಬೇಡವೇ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಶಿಕ್ಷಕ ಬಂಧುಗಳೇ, ಮಕ್ಕಳೇ, ಈ ಸೆಕೆಯಲ್ಲೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ನಾನು ಯೋಗಾನಂದ, ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ಗೊಂಬೆ ಅಂಗಡಿ ಇಟ್ಟವನು, ಈ ಶಾಲೆಯ ಪೋಷಕರ ಸಮಿತಿಯ ಕಾರ್ಯದರ್ಶಿ. ನಯನಾ ಮೇಡಂ ಅವರ ಚೀನಾ ಟೀ ತರಗತಿ ಮುಂದಿನ ವರ್ಷ ಇರಬೇಕೇ, ಬೇಡವೇ? ತೀರ್ಮಾನವನ್ನು ಸಮಿತಿ ನನಗೇ ಬಿಟ್ಟಿದೆ. ಬೇಡವೆಂದು ಮೊದಲು ಗಲಾಟೆ ಎಬ್ಬಿಸಿದವನೂ ನಾನೇ! ಹಾರೋಹಳ್ಳಿ ಕಾರ್ಖಾನೆಗೆ ಬಂದಿದ್ದ ಚೀನಾದ ಎಂಜಿನಿಯರಮ್ಮನಿಂದ ಮೇಡಂ ಇದನ್ನು ಕಲಿತರಂತೆ. ಕಲಿಯಲಿ. ಆದರೆ ಹಾಲಿಲ್ಲ, ಸಕ್ಕರೆಯಿಲ್ಲ, ಕಪ್ಪು ನೋಡಿದರೆ ನನ್ನ ಅಂಗಡಿಯ ಆಟದ ಸಾಮಾನಿನಷ್ಟು. ಅದೂ ಒಂದು ಟೀಯೇ?

ಕಳೆದ ತಿಂಗಳು ಮಕ್ಕಳು ಪೋಷಕರಿಗೆ ಟೀ ಕೊಡುವ ದಿನ. ನಮ್ಮ ಮಗಳು ನವ್ಯಶ್ರೀ ನಮ್ಮಿಬ್ಬರನ್ನೂ ಕರೆದಳು. ಆ ಪದ್ಧತಿಯಲ್ಲಿ ಎಲೆಗೆ ಹಾಕಿದ ಮೊದಲ ನೀರನ್ನು ಕುಡಿಯುವುದಿಲ್ಲ, ಎಲೆ ತೊಳೆದು ಬಟ್ಟಲಿಗೆ ಚೆಲ್ಲುತ್ತಾರೆ. ಎರಡನೆಯದು ಅತಿಥಿಗಳಿಗೆ. ನಾನು ಕುರ್ಚಿಯಲ್ಲಿ ಕುಳಿತೆ. ನನ್ನ ಹೆಂಡತಿ ಅಂಬುಜಾ ಎಲ್ಲಿ? ಚೆಲ್ಲಿದ ನೀರಿನ ಬಟ್ಟಲನ್ನೇ ಎತ್ತಿಕೊಂಡು, ಬಾಗಿಲ ಹತ್ತಿರ ನಿಂತು ಕುಡಿಯುತ್ತಿದ್ದಾಳೆ!

"ಅಮ್ಮಾ, ಅದು ಚೆಲ್ಲೋದು ಕಣಮ್ಮ!"

"ಇರ್ಲಿ ಬುಡವ್ವ. ನಿಮ್ದೆಲ್ಲಾ ಆಗಿ ಉಳಿದಿದ್ದೇ ಅಲ್ವಾ ನಾನು ದಿನಾ ಕುಡಿಯೋದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀವೂ ನಗುತ್ತಿದ್ದೀರಿ, ನಗಿ. ನನ್ನ ತಾಯಿಯೂ ಹಾಗೆಯೇ ಕುಡಿದವರು. ನಿಂತು ಕುಡಿ ಎಂದು ನಾನು ಹೇಳಿದ್ದೇನೆಯೇ? ಎಂದೂ ಇಲ್ಲ. ಕೂರು ಎಂದಿದ್ದೇನೆಯೇ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ನವ್ಯಶ್ರೀ ನಗಲಿಲ್ಲ. ಕೆಟಲ್ ಕೆಳಗಿಟ್ಟು, "ಅಮ್ಮ ಕೂರೋವರ್ಗೂ ಯಾರ್ಗೂ ಉಯ್ಯಲ್ಲ" ಎಂದಳು. "ಉಯ್ಯಮ್ಮೀ, ಆರೋಯ್ತದೆ" ಎಂದು ಗದರಿದೆ. ಕೈಕಟ್ಟಿ ಕುಳಿತೇಬಿಟ್ಟಳು. ಕಡೆಗೆ ಅಂಬುಜಾ ಬಂದು ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತಳು. ಮಗಳು ಇಬ್ಬರಿಗೂ ಸಮನಾಗಿ ಬಗ್ಗಿಸಿದಳು. ನಾನು ಮುಖ ಸಿಂಡರಿಸಿದೆ. ಅಂಬುಜಾ ನಿಧಾನವಾಗಿ ಕುಡಿದು ಕಪ್ಪು ಮುಂದೆ ಚಾಚಿದಳು.

"ಇನ್ನೊಸಿ ಉಯ್ಯವ್ವ. ನಂಗೆ ಮೊದ್ಲಿಂದ್ಲೂ ಸಕ್ಕರೆ ಇಲ್ದಿರೋದೇ ಇಷ್ಟ."

ಮದುವೆಯಾದಾಗಿನಿಂದ ಅವಳು ಮಾಡಿದ ಟೀ ಕುಡಿದಿದ್ದೇನೆ, ಸಭಿಕರೇ. ನನಗೆ ಎಷ್ಟು ಸಕ್ಕರೆ ಬೇಕೆಂದು ಬೀದಿಗೆಲ್ಲ ಗೊತ್ತು. ಅವಳಿಗೆ ಬೇಡವೆಂದು ನನಗೆ ತಿಳಿದದ್ದು ಅಂದು.

ಆದ್ದರಿಂದ ತರಗತಿ ಇರಲಿ. ಇದು ನನ್ನ ತೀರ್ಮಾನ.

ಕಾರ್ಯಕ್ರಮದ ನಂತರ ಮಕ್ಕಳು ನಿಮಗೆಲ್ಲ ಟೀ ಕೊಡುತ್ತಾರೆ. ಮುಂದಿನ ಸಾಲಿನಲ್ಲಿ ನನ್ನ ಕುರ್ಚಿ ಖಾಲಿಯಿದೆ, ಆದರೂ ಅಗೋ, ಹಿಂದಿನ ಬಾಗಿಲಲ್ಲಿ ಒಬ್ಬರು ನಿಂತೇ ಇದ್ದಾರೆ. ಬಾರೇ ಅಂಬುಜಾ, ಕೂತ್ಕೋ. ನೀನು ಕೂರೋವರ್ಗೂ ನಾನು ಮೈಕು ಬಿಡಲ್ಲ.

ಹ್ಞಾಂ, ಕುಳಿತಳು. ಎಲ್ಲರಿಗೂ ವಂದನೆಗಳು, ನಮಸ್ಕಾರ.