ಸುಟ್ಟ ಫ್ಯೂಸ್

ರಿಪೇರಿ ಅಂಗಡಿಯಲ್ಲಿ ನನ್ನ ಮಿಕ್ಸಿಗಾಗಿ ಕಾಯುತ್ತಿದ್ದೆ. ನನಗಿಂತ ಮುಂದಿದ್ದ ಹೆಂಗಸು ಆನ್ ಆಗದ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅವರ ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ನೇತಾಡುತ್ತಿತ್ತು. ಮೆಕ್ಯಾನಿಕ್ ಪ್ಲಗ್ಗು ಬಿಚ್ಚಿ ನೋಡಿದರು.

“ಗೇಮ್ ಚೆನ್ನಾಗೇ ಇದೆಯಮ್ಮ. ಪ್ಲಗ್ಗಿನ ಫ್ಯೂಸ್ ಸುಟ್ಟಿದೆ, ಅಷ್ಟೆ.”

“ಗೊತ್ತು. ನಾನೇ ಹಾಕಿದ್ದು. ಇಸ್ತ್ರಿ ಪೆಟ್ಟಿಗೇಲಿ ಸುಟ್ಟುಹೋಗಿದ್ದ ಹಳೇ ಫ್ಯೂಸು.”

“ಸುಟ್ಟಿದ್ದನ್ನ ಬೇಕಂತಲೇ ಹಾಕಿದ್ರಾ?”

“ಮಗಳಿಗೆ ಪರೀಕ್ಷೆ ಇತ್ತು. ಓದು ಅಂತ ಹೇಳಿ ಹೇಳಿ ಸಾಕಾಗಿತ್ತು.”

“ಪರೀಕ್ಷೆ ಮುಗೀತಲ್ಲ, ಒಳ್ಳೇದನ್ನ ವಾಪಸ್ ಹಾಕಿಬಿಡಿ.”

“ತಂದಿದೀನಿ. ಆದ್ರೆ ಅವಳು ಒಂದಿನ ಈ ಗೇಮ್ ಮೇಲೆ ನೀರು ಚೆಲ್ಲಿದ್ಲಂತೆ. ತನ್ನಿಂದಲೇ ಕೆಟ್ಟಿತು ಅಂದ್ಕೊಂಡಿದಾಳೆ. ನಿನ್ನೆ ‘ತಪ್ಪಾಯ್ತಮ್ಮ’ ಅಂತ ಬಿಕ್ಕಿ ಬಿಕ್ಕಿ ಅತ್ತಳು.”

“ನೀವೇನಂದ್ರಿ?”

“‘ಹೋಗ್ಲಿ ಬಿಡು’ ಅಂದೆ. ದೊಡ್ಡ ಮನಸ್ಸು ಮಾಡಿದವಳ ಹಾಗೆ.”

“ಈಗ ನಾನೇನ್ ಮಾಡ್ಲಿ?”

“ನೀರಿಂದ ಅಲ್ಲ, ತಾನಾಗೇ ಕೆಟ್ಟಿತ್ತು ಅಂತ ಒಂದು ಚೀಟಿ ಬರ್ಕೊಡಿ.”

ಮೆಕ್ಯಾನಿಕ್ ಚೀಟಿ ಬರೆಯಲಿಲ್ಲ. ಒಳ್ಳೇ ಫ್ಯೂಸ್ ಹಾಕಿ, ಸುಟ್ಟಿದ್ದನ್ನು ಅವರ ಅಂಗೈಯಲ್ಲಿಟ್ಟರು.

“ಇದನ್ನೂ ತಗೊಂಡು ಹೋಗಿ. ಅವಳ ಹತ್ರ ಮಾತಾಡುವಾಗ ಕೈಯಲ್ಲಿರ್ಲಿ.”

ಆಕೆ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಷ್ಟಿ ಬಿಚ್ಚದೆಯೇ ಮೆಟ್ಟಿಲಿಳಿದು ಹೋದರು.